ಬದಲಾಗದಿರುವ ಹಕ್ಕು

ಬದಲಾವಣೆ ಬೇಡ ಎನ್ನುವವರನ್ನು ಹಳಬರು ಎಂದು ತಳ್ಳಿಹಾಕುವುದು ಸುಲಭ. ಆದರೆ ದಿನವೂ ಬಳಸುವ ವಸ್ತು ಇದ್ದ ಹಾಗೇ ಇರಲಿ ಎಂದು ಕೇಳುವ ಹಕ್ಕು ನಮಗಿಲ್ಲವೇ?

2011ರಲ್ಲಿ ಲಿನಕ್ಸ್ ಬಳಕೆದಾರರ ನಡುವೆ ಈ ಪ್ರಶ್ನೆ ಜೋರಾಗಿಯೇ ಎದ್ದಿತು. ಬಹಳ ಜನ ಬಳಸುತ್ತಿದ್ದ ಗ್ನೋಮ್ ಡೆಸ್ಕ್‌ಟಾಪ್ ಮೂರನೇ ಆವೃತ್ತಿಯಲ್ಲಿ ತನ್ನ ರೂಪವನ್ನೇ ಬದಲಿಸಿತು. ತೆರೆದ ಕಿಟಕಿಗಳ ಪಟ್ಟಿ ಹೋಯಿತು, ಮಿನಿಮೈಸ್ ಗುಂಡಿಯೂ ಮರೆಯಾಯಿತು. ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ಅವರೇ ಬೇಸತ್ತು ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪಿಗೆ ಹೋದರು. ಇನ್ನು ಕೆಲವರು ಹಳೆಯ ಗ್ನೋಮನ್ನೇ ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದರು.

ನಾನು ಬಳಸುವುದೂ ಎಕ್ಸ್‌ಎಫ್‌ಸಿಇ. ಪ್ಯಾನೆಲ್ಲನ್ನು ಕೆಳಗೆ ಇಟ್ಟುಕೊಂಡಿದ್ದೇನೆ, ಕಿಟಕಿಗಳ ನೆರಳು ತೆಗೆದಿದ್ದೇನೆ, ಕನ್ನಡ ಕೀಲಿಮಣೆಗೆ ಒಂದು ಶಾರ್ಟ್‌ಕಟ್ ಇದೆ. ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡದೆ ಓಡುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕರೆಂಟ್ ಹೋದಾಗಲೂ ಅಡುಗೆಮನೆಯಲ್ಲಿ ಕೈ ತಾನಾಗಿ ಉಪ್ಪಿನ ಡಬ್ಬಿಯತ್ತ ಹೋಗುತ್ತದಲ್ಲ, ಆ ರೂಢಿಯೂ ಒಂದು ಆಸ್ತಿಯೇ. ಹೇಳದೆ ಕೇಳದೆ ಡಬ್ಬಿಯ ಜಾಗ ಬದಲಿಸಿದವರು ನಮ್ಮ ಕೈ ವರ್ಷಗಟ್ಟಲೆ ಕಲಿತದ್ದನ್ನು ಅಳಿಸುತ್ತಾರೆ. ಹೊಸ ಜಾಗವೇ ಹೆಚ್ಚು ಅನುಕೂಲ ಎಂದಿದ್ದರೂ ಒಂದು ಮಾತು ಕೇಳಬೇಕು.

ಪುಕ್ಕಟೆ ಕೊಟ್ಟವರು ನಮ್ಮನ್ನು ಯಾಕೆ ಕೇಳಬೇಕು ಎನ್ನಬಹುದು. ನ್ಯಾಯವಾದ ಮಾತು. ಗ್ನೋಮ್ ಕಟ್ಟಿದವರು ನಮಗೆ ಯಾವ ಸಾಲವನ್ನೂ ಉಳಿಸಿಕೊಂಡಿಲ್ಲ. ಮುಕ್ತ ತಂತ್ರಾಂಶ ಎಂದೂ ಬದಲಾಗುವುದಿಲ್ಲ ಎಂಬ ಮಾತನ್ನು ಯಾರೂ ಕೊಟ್ಟಿಲ್ಲ. ಬೇಡವಾದರೆ ಹಳೆಯ ಕೋಡನ್ನು ಹೊತ್ತು ಹೊರಡಬಹುದು, ಯಾರೂ ತಡೆಯುವುದಿಲ್ಲ ಎಂಬುದಷ್ಟೇ ಅದರ ಭರವಸೆ. ಮಾಟೆ ಹುಟ್ಟಿದ್ದು ಆ ಬಾಗಿಲಿನಿಂದಲೇ.

ಹೊತ್ತು ಹೊರಡುವುದಕ್ಕೆ ಹೆಗಲು ಬೇಕು. 2024ರ ಡಿಸೆಂಬರಿನಲ್ಲಿ ಎಕ್ಸ್‌ಎಫ್‌ಸಿಇ 4.20 ಬಂತು. ನೋಡಲು ಹೆಚ್ಚುಕಡಿಮೆ ಹಿಂದಿನದರಂತೆಯೇ ಇತ್ತು. ಒಳಗೆ ಮಾತ್ರ ದೊಡ್ಡ ಕೆಲಸ ನಡೆದಿತ್ತು. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್11 ಎಂಬ ಹಳೆಯ ವ್ಯವಸ್ಥೆ ಹಿಂದೆ ಸರಿಯುತ್ತಿದೆ, ಅದರ ಜಾಗಕ್ಕೆ ವೇಲ್ಯಾಂಡ್ ಬರುತ್ತಿದೆ. ಅದಕ್ಕೆ ಹೊಂದಿಕೊಳ್ಳಲು ಒಂದು ಪುಟ್ಟ ತಂಡ ಒಳಗಿನ ಭಾಗಗಳನ್ನು ಒಂದೊಂದಾಗಿ ತಿದ್ದಿತ್ತು. ನನ್ನ ಪರದೆ ನಿನ್ನೆಯಂತೆಯೇ ಕಾಣಲಿ ಎಂದು ಯಾರೋ ರಾತ್ರಿ ಕೂತು ದುಡಿದಿದ್ದಾರೆ.

ಹಾಗಾಗಿ ಈ ಹಕ್ಕು ಇದೆ ಎಂದೇ ನಾನು ಹೇಳುತ್ತೇನೆ, ಆದರೆ ಅದು ಬೇರೆಯವರ ದುಡಿಮೆಯ ಮೇಲೆ ನಿಂತಿದೆ. ಒಂದು ದೋಷವನ್ನು ಸರಿಯಾಗಿ ವಿವರಿಸಿ ಬರೆಯುವುದು, ನಾಲ್ಕು ಸಾಲು ಕನ್ನಡಕ್ಕೆ ತರುವುದು, ಕೈಲಾದಷ್ಟು ಹಣ ಕೊಡುವುದು, ಯಾವುದಾದರೂ ಸರಿ. ಇದ್ದ ಹಾಗೇ ಇರಲಿ ಎನ್ನುವವರು ಹಾಗೆ ಇರಿಸುವ ಖರ್ಚಿನಲ್ಲೂ ಪಾಲು ಹೊರಬೇಕು.