ಗೋಪುರ ಕಟ್ಟುವ ಮುನ್ನ

ಏಪ್ರಿಲ್, ಮೇ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಮಾತು: "ಮಗ ಮುಂದೇನು ಓದುತ್ತಾನೆ? ಮಗಳನ್ನು ಯಾವುದಕ್ಕೆ ಸೇರಿಸುತ್ತೀರಿ?" ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಫಲಿತಾಂಶ ಬಂದ ವಾರದೊಳಗೆ ತೀರ್ಮಾನವೂ ಆಗಿಬಿಡುತ್ತದೆ. ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಸೇರಿದ, ಆದ್ದರಿಂದ ನಮ್ಮವನೂ ಸೇರಬೇಕು. ಚಿಕ್ಕಪ್ಪನ ಮಗಳು ನರ್ಸಿಂಗ್ ಓದಿ ಕುವೈತಿಗೆ ಹೋದಳು, ಆದ್ದರಿಂದ ನಮ್ಮವಳೂ ಹೋಗಬೇಕು. ಒಂದು ಸೀರೆ ಕೊಳ್ಳಲು ನಾಲ್ಕು ಅಂಗಡಿ ಹತ್ತಿ ಇಳಿಯುವ ನಾವು, ಮಕ್ಕಳ ಜೀವಮಾನದ ದುಡಿಮೆಯನ್ನು ಒಂದೇ ಸಂಜೆಯಲ್ಲಿ ನಿರ್ಧರಿಸಿಬಿಡುತ್ತೇವೆ.

ಇದು ಬರೀ ವ್ಯವಹಾರ ಜಾಣತನದ ವಿಷಯವೆಂದು ಹಲವರು ತಿಳಿದಿದ್ದಾರೆ. ಆದರೆ ಒಬ್ಬ ಯುವಕನ ದುಡಿಮೆ, ಹೆತ್ತವರು ಮಾಡುವ ಸಾಲ, ಮುಂದೆ ಅವನು ಕಟ್ಟಿಕೊಳ್ಳುವ ಸಂಸಾರ ಎಲ್ಲವೂ ಆ ಒಂದು ತೀರ್ಮಾನದ ಮೇಲೆ ನಿಂತಿವೆ. ಹಾಗಿರುವಾಗ ತಿಳಿದುಕೊಳ್ಳದೆ ತೀರ್ಮಾನಿಸುವುದು ತಪ್ಪಲ್ಲವೇ? ತಿಳಿದವರು ತಿಳಿಯದವರಿಗೆ ಹೇಳದೆ ಸುಮ್ಮನಿರುವುದೂ ತಪ್ಪಲ್ಲವೇ? ಈ ಎರಡು ಪ್ರಶ್ನೆಗಳನ್ನು ವಿಶ್ವಾಸದ ಬೆಳಕಿನಲ್ಲಿ ಯೋಚಿಸೋಣ.

ನಂಬಿಕೆಯೂ ಲೆಕ್ಕವೂ

"ದೇವರೇ ದಾರಿ ತೋರಿಸುತ್ತಾರೆ, ಇಷ್ಟೆಲ್ಲ ವಿಚಾರಿಸುವುದು ಅವಿಶ್ವಾಸವಲ್ಲವೇ?" ಎಂದು ಭಕ್ತಿವಂತ ತಾಯಂದಿರು ಕೇಳುವುದುಂಟು. ಆಕಾಶದ ಹಕ್ಕಿಗಳನ್ನೂ ಹೊಲದ ಹೂಗಳನ್ನೂ ತೋರಿಸಿ, ನಾಳೆಯ ಚಿಂತೆ ಬೇಡವೆಂದು ಹೇಳಿದವರು ಪ್ರಭು ಯೇಸುವೇ. ಆದರೆ ಅದೇ ಪ್ರಭು ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಗೋಪುರ ಕಟ್ಟಲು ಹೊರಟವನ ಮಾತನ್ನೂ ಹೇಳುತ್ತಾರೆ. ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕದವನು ಅಸ್ತಿವಾರ ಹಾಕಿ ಕೈಸೋತು ನಿಲ್ಲುತ್ತಾನೆ, ನೋಡಿದವರು ನಗುತ್ತಾರೆ. ಆ ಸಾಮತಿ ಶಿಷ್ಯತ್ವವನ್ನು ಕುರಿತದ್ದು, ಉದ್ಯೋಗವನ್ನು ಕುರಿತದ್ದಲ್ಲ ಎಂಬುದು ನಿಜ. ಆದರೂ ವಿವೇಕಿಯಾದ ಯಾರೂ ಲೆಕ್ಕ ಹಾಕದೆ ಕೆಲಸಕ್ಕೆ ಕೈಹಾಕುವುದಿಲ್ಲ ಎಂಬ ಲೋಕರೂಢಿಯ ಮೇಲೆಯೇ ಪ್ರಭು ತಮ್ಮ ಬೋಧನೆಯನ್ನು ನಿಲ್ಲಿಸಿದರು. ಕಳವಳಪಡಬೇಡಿ ಎಂದವರು ಲೆಕ್ಕ ಹಾಕಬೇಡಿ ಎನ್ನಲಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. 5 ಲಕ್ಷ ರೂಪಾಯಿ ಶಿಕ್ಷಣ ಸಾಲವನ್ನು ಶೇಕಡಾ 10ರ ಬಡ್ಡಿಯಲ್ಲಿ 10 ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 6,600 ರೂಪಾಯಿ. ಓದುವ ವರ್ಷಗಳಲ್ಲಿ ಕಂತು ಕಟ್ಟಬೇಕಾಗಿಲ್ಲ ಎಂದು ಹೆತ್ತವರು ನಿಟ್ಟುಸಿರು ಬಿಡುತ್ತಾರೆ, ಆದರೆ ಸಾಮಾನ್ಯವಾಗಿ ಆಗಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಆ ಕೋರ್ಸ್ ಮುಗಿಸಿದವರಿಗೆ ಮೊದಲ ವರ್ಷ ನಿಜವಾಗಿ ಸಿಗುವ ಸಂಬಳವೆಷ್ಟು? ಬೆಂಗಳೂರಿನಲ್ಲಿ ಕೋಣೆ ಬಾಡಿಗೆ, ಊಟ ಕಳೆದು ಈ ಕಂತಿಗೆ ಉಳಿಯುವುದೆಷ್ಟು? ಇದನ್ನು ಕೇಳದೆ ತಾಯಿಯ ಒಡವೆ ಅಡವಿಟ್ಟರೆ, ಆ ಭಾರ ಹೊರುವುದು 22 ವರ್ಷದ ಮಗಳು. ಗೊತ್ತಿಲ್ಲದೆ ಮಾಡಿದೆವು ಎನ್ನಬಹುದು. ಆದರೆ ತಿಳಿಯಬಹುದಾಗಿದ್ದನ್ನು ತಿಳಿಯದೆ ಬಿಟ್ಟರೆ ಅದರ ಹೊಣೆ ನಮ್ಮದೇ.

ಆಯ್ಕೆ ಯಾರದು?

ಲೆಕ್ಕ ಹಾಕಿದ ಮಾತ್ರಕ್ಕೆ ಆಯ್ಕೆಯ ಹಕ್ಕು ಹೆತ್ತವರದಾಗುವುದಿಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ವಿಷಯದಲ್ಲಿ ಸ್ಪಷ್ಟವಾಗಿದೆ (ಸಂಖ್ಯೆ 2230). ಪ್ರಾಯಕ್ಕೆ ಬಂದ ಮಕ್ಕಳಿಗೆ ತಮ್ಮ ವೃತ್ತಿಯನ್ನೂ ಜೀವನಾಂತಸ್ತನ್ನೂ ಆರಿಸಿಕೊಳ್ಳುವ ಹಕ್ಕಿದೆ, ಅದು ಅವರ ಕರ್ತವ್ಯವೂ ಹೌದು. ಹೆತ್ತವರು ಒತ್ತಡ ಹೇರಬಾರದು, ಆದರೆ ವಿವೇಕದ ಸಲಹೆ ಕೊಡಬೇಕು. ಸಲಹೆ ಕೊಡಬೇಕಾದರೆ ನಮಗೆ ವಿಷಯ ತಿಳಿದಿರಬೇಕಷ್ಟೆ. ವಿಷಯ ತಿಳಿಯದ ಸಲಹೆ ಬಹಳ ಸಲ ಒತ್ತಡವೇ ಆಗಿಬಿಡುತ್ತದೆ, ಏಕೆಂದರೆ ಅಲ್ಲಿ ಕಾರಣ ಹೇಳಲು ಏನೂ ಇಲ್ಲದೆ ದನಿ ಮಾತ್ರ ಏರುತ್ತದೆ.

ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪಾಲ್ ಸಭೆಯಿದೆ. ಅದನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಸಂಗಡಿಗರೊಂದಿಗೆ ಆರಂಭಿಸಿದ ಪುನೀತ ಫ್ರೆಡೆರಿಕ್ ಓಝನಾಮ್ ಆಗ 20 ವರ್ಷದ ವಿದ್ಯಾರ್ಥಿ. ಅವರ ತಂದೆ ವೈದ್ಯರು. ಮಗ ವಕೀಲನಾಗಬೇಕೆಂದು ತಂದೆಯ ಆಸೆ, ಮಗನ ಮನಸ್ಸು ಸಾಹಿತ್ಯದ ಕಡೆ. ಫ್ರೆಡೆರಿಕ್ ತಂದೆಯ ಮಾತಿನಂತೆ ಕಾನೂನು ಓದಿ 1836ರಲ್ಲಿ ಡಾಕ್ಟರೇಟ್ ಪಡೆದರು, ವಕೀಲಿಯನ್ನೂ ಮಾಡಿದರು. ಸಾಹಿತ್ಯವನ್ನೂ ಕೈಬಿಡದೆ 1839ರಲ್ಲಿ ಅದರಲ್ಲೂ ಡಾಕ್ಟರೇಟ್ ಪಡೆದು, ಕೊನೆಗೆ ಸೊರ್ಬೋನ್ ವಿದ್ಯಾಪೀಠದ ಪ್ರಾಧ್ಯಾಪಕರಾದರು. 1997ರಲ್ಲಿ ಅವರನ್ನು ಪುನೀತರೆಂದು ಘೋಷಿಸಲಾಯಿತು. ತಂದೆಗೆ ಗೌರವ ಕೊಡುವುದೂ ತನ್ನ ಕರೆಗೆ ಓಗೊಡುವುದೂ ಒಂದಕ್ಕೊಂದು ವಿರೋಧವಲ್ಲವೆಂದು ಅವರ ಬಾಳು ತೋರಿಸುತ್ತದೆ. ಆದರೆ ಎಲ್ಲ ಮಕ್ಕಳಿಗೂ ಎರಡೆರಡು ಸಲ ಓದುವ ಅನುಕೂಲವಿರುವುದಿಲ್ಲ. ಆದ್ದರಿಂದಲೇ ಮೊದಲೇ ಕುಳಿತು ಮಾತಾಡುವುದು ಒಳ್ಳೆಯದು.

ವಿಚಾರಿಸುವುದು ಹೇಗೆ?

ವಿಚಾರಿಸುವ ಕೆಲಸವನ್ನು ಮಗನೋ ಮಗಳೋ ಮಾಡಲಿ, ಹೆತ್ತವರು ಜೊತೆಗಿರಲಿ. ಒಂದು ನೋಟ್‌ಪುಸ್ತಕದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಬರೆಯಲಿ.

1. ಈ ಕೆಲಸದಲ್ಲಿರುವವರು ಬೆಳಗಿನಿಂದ ಸಂಜೆಯವರೆಗೆ ನಿಜವಾಗಿ ಏನು ಮಾಡುತ್ತಾರೆ? 20 ವರ್ಷ ದುಡಿದು ಮೇಲೆ ಬಂದವರನ್ನಷ್ಟೇ ಅಲ್ಲ, ಎರಡು ವರ್ಷದ ಹಿಂದೆ ಸೇರಿದವರನ್ನೂ ಕೇಳಬೇಕು.

2. ಸಂಸ್ಥೆಗೂ ಕೋರ್ಸಿಗೂ ಮಾನ್ಯತೆಯಿದೆಯೇ? ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯು.ಜಿ.ಸಿ. ಪ್ರಕಟಿಸುತ್ತದೆ. ನರ್ಸಿಂಗ್ ಓದಿದವರು ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಆ ಕಾಲೇಜಿನವರಿಗೆ ನೋಂದಣಿ ಸಿಗುತ್ತದೆಯೇ ಎಂದು ಫೀಸು ಕಟ್ಟುವ ಮೊದಲೇ ಕೇಳಬೇಕು.

3. ಕಳೆದ ವರ್ಷ ಓದು ಮುಗಿಸಿದವರು ಈಗ ಎಲ್ಲಿದ್ದಾರೆ? ಇದಕ್ಕೆ ಉತ್ತರವನ್ನು ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ಹುಡುಕದೆ, ಅಲ್ಲಿ ಓದಿದ ಮಕ್ಕಳನ್ನೇ ಕೇಳಬೇಕು.

4. ವಿದೇಶದ ಕೆಲಸವಾದರೆ, ಕರೆದೊಯ್ಯುವ ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತವಾಗಿದೆಯೇ? ಆ ದೇಶದ ಪರವಾನಗಿ ಪರೀಕ್ಷೆ, ಭಾಷಾ ಪರೀಕ್ಷೆ ಯಾವುದು?

5. ಈ ಕೆಲಸದಿಂದ ಯಾರಿಗಾದರೂ ಕೇಡಾಗುತ್ತದೆಯೇ? ಕುಟುಂಬಕ್ಕೆ, ಭಾನುವಾರದ ಬಲಿಪೂಜೆಗೆ ಅದು ಸ್ಥಳ ಬಿಡುತ್ತದೆಯೇ? ಇದನ್ನು ಮಾಡುತ್ತಾ ನಾನು ಎಂಥ ಮನುಷ್ಯನಾಗುತ್ತೇನೆ?

ಕೊನೆಯ ಪ್ರಶ್ನೆಯನ್ನು ಬಿಟ್ಟು ಉಳಿದವನ್ನು ಮಾತ್ರ ಕೇಳುವವರಿದ್ದಾರೆ, ಕೊನೆಯದನ್ನು ಮಾತ್ರ ಕೇಳುವವರೂ ಇದ್ದಾರೆ. ಐದೂ ಬೇಕು. ಜಗದ್ಗುರು ಸಂತ ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ, ದುಡಿಮೆ ಇರುವುದು ಮನುಷ್ಯನಿಗಾಗಿ ಎಂದು ಬೋಧಿಸಿದರು. ದುಡಿಯುವವನು ಮನುಷ್ಯನಾದ್ದರಿಂದ ದುಡಿಮೆಗೆ ಘನತೆ. ಹಾಗಾದರೆ ಐ.ಟಿ.ಐ. ಓದಿ ವೆಲ್ಡರ್ ಆಗಬಯಸುವ ಹುಡುಗನ ಮುಂದೆ ನಾವು ಮುಖ ಸಿಂಡರಿಸುವುದೇಕೆ? ಕರ್ನಾಟಕದ 150 ಸರ್ಕಾರಿ ಐ.ಟಿ.ಐ.ಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಯಿತು. ಆದರೂ ನೆಂಟರ ಮುಂದೆ ಹೇಳಿಕೊಳ್ಳಲು ನಾಚಿಕೆಯೆಂದು ಕೈಗುಣವುಳ್ಳ ಹುಡುಗನನ್ನು ಇಷ್ಟವಿಲ್ಲದ ಡಿಗ್ರಿಗೆ ನೂಕುವವರಿದ್ದಾರೆ. ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವನ್ನು ಆರಾಧಿಸುವ ನಮಗೆ ಈ ನಾಚಿಕೆ ತಕ್ಕದ್ದಲ್ಲ.

"ಕಾಲವೇ ಬದಲಾಗುತ್ತಿರುವಾಗ ವಿಚಾರಿಸಿ ಏನು ಪ್ರಯೋಜನ?" ಎನ್ನಬಹುದು. ಒಂದು ಕಾಲಕ್ಕೆ ಊರೂರಲ್ಲೂ ಇದ್ದ ಟೈಪಿಂಗ್, ಶಾರ್ಟ್‌ಹ್ಯಾಂಡ್ ಶಾಲೆಗಳು ಇಂದು ಕಾಣುವುದೇ ಅಪರೂಪ. ಕಂಪ್ಯೂಟರ್ ಕೆಲಸಗಳ ಮೇಲೂ ಈಗ ಕೃತಕ ಬುದ್ಧಿಮತ್ತೆಯ ನೆರಳು ಬಿದ್ದಿದೆ. 20 ವರ್ಷದ ಮುಂದಿನದನ್ನು ಯಾರೂ ಹೇಳಲಾರರು. ಆದರೆ ಇಂದಿನ ಫೀಸು, ಮಾನ್ಯತೆ, ಸಂಬಳ ಕೇಳಿ ತಿಳಿಯಬಹುದಾದ ಸಂಗತಿಗಳು. ಅಷ್ಟನ್ನು ತಿಳಿದುಕೊಂಡು, ನಮ್ಮ ಕೈಮೀರಿದ್ದನ್ನು ದೇವರ ಕೈಗೊಪ್ಪಿಸುವುದೇ ನಿಜವಾದ ಭರವಸೆ.

ತಿಳಿವಳಿಕೆಯ ದಾನ

ಈಗ ಎರಡನೆಯ ಪ್ರಶ್ನೆ. ಡಾಕ್ಟರರ ಮಗಳಿಗೆ ಯಾವ ಪರೀಕ್ಷೆ ಯಾವಾಗ, ಯಾವ ಕಾಲೇಜು ಹೇಗೆ ಎಂಬುದು ಊಟದ ಹೊತ್ತಿನ ಮಾತಿನಲ್ಲೇ ಸಿಗುತ್ತದೆ. ಕಾಫಿ ತೋಟದ ಕೂಲಿಯವರ ಮಗಳಿಗೆ ಅದನ್ನು ಹೇಳುವವರು ಯಾರು? ಬಹಳ ಸಲ ಏಜೆಂಟ್ ಮಾತ್ರ. ಅವನಿಗೆ ಅವಳ ಸೇರ್ಪಡೆಯಿಂದ ಕಮಿಷನ್ ಬರುತ್ತದೆ. ಈ ಇಬ್ಬರೂ ಒಂದೇ ಬಲಿಪೀಠದ ಮುಂದೆ ಸಾಲಿನಲ್ಲಿ ನಿಂತು ಒಂದೇ ಪ್ರಸಾದ ಸ್ವೀಕರಿಸುತ್ತಾರೆ. ಒಬ್ಬಳ ಮನೆಯ ತಿಳಿವಳಿಕೆ ಇನ್ನೊಬ್ಬಳ ಮನೆಗೆ ದಾಟದಿದ್ದರೆ ನಮ್ಮ ಸಹಭಾಗಿತ್ವಕ್ಕೆ ಅರ್ಥವೇನು?

ಬಡ ಮಕ್ಕಳ ಫೀಸಿಗೆ ನಾವು ಹಣ ಕೊಡುತ್ತೇವೆ. ಅದು ದೊಡ್ಡ ಪುಣ್ಯಕಾರ್ಯ. ಆದರೆ ತಪ್ಪು ಕೋರ್ಸಿಗೆ ಕಟ್ಟಿದ ಫೀಸು ಅರ್ಧ ಗೋಪುರವಾಗಿ ನಿಲ್ಲುತ್ತದೆ. ಹಣದ ಜೊತೆ ಒಂದು ಗಂಟೆಯನ್ನೂ ಕೊಡೋಣ. ಫಲಿತಾಂಶದ ನಂತರದ ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ಧರ್ಮಕೇಂದ್ರದ ಸಭಾಂಗಣದಲ್ಲಿ ನಮ್ಮೂರಿನ ನರ್ಸ್, ಎಲೆಕ್ಟ್ರಿಷಿಯನ್, ಬ್ಯಾಂಕಿನವರು, ಶಿಕ್ಷಕಿ, ಗಲ್ಫಿನಿಂದ ರಜೆಗೆ ಬಂದವರು ಒಂದೊಂದು ಮೇಜಿನ ಬಳಿ ಕುಳಿತುಕೊಳ್ಳಲಿ. ಮಕ್ಕಳು ನೋಟ್‌ಪುಸ್ತಕ ಹಿಡಿದು ಬಂದು ಕೇಳಲಿ. ಗಲ್ಫಿನ ಕಷ್ಟವನ್ನೂ ಮುಚ್ಚಿಡದೆ ಹೇಳಲಿ. ನಮ್ಮ ಗುರುಗಳೂ ಕನ್ಯಾಸ್ತ್ರೀಯರೂ ಒಂದು ಮೇಜಿನಲ್ಲಿ ಕುಳಿತು ದೇವಕರೆಯ ಬಗ್ಗೆ ಅಷ್ಟೇ ಪ್ರಾಮಾಣಿಕವಾಗಿ ಮಾತಾಡಲಿ. ಇದಕ್ಕೆ ಖರ್ಚು ಒಂದು ಕೊಳಗ ಚಹಾ ಮಾತ್ರ.

ಹೆತ್ತವರೇ, ಮೇ 1 ಕಾರ್ಮಿಕ ಸಂತ ಜೋಸೆಫರ ಹಬ್ಬ. ಮಗನಿಗೆ ತಮ್ಮ ಕೈಕೆಲಸ ಕಲಿಸಿದ ಆ ತಂದೆ, ಆತ ತನ್ನ ಸ್ವರ್ಗೀಯ ಪಿತನ ಕೆಲಸಕ್ಕೆ ಸೇರಿದವನೆಂಬುದನ್ನೂ ಅರಿತು ಬಾಳಿದರು. ಈ ವರ್ಷ ಅರ್ಜಿ ತುಂಬುವ ಮುನ್ನ ಒಂದು ಸಂಜೆ ಟಿ.ವಿ. ಆರಿಸಿ, ಮೊಬೈಲ್ ಬದಿಗಿಟ್ಟು, ಜಪಸರದ ನಂತರ ಮಕ್ಕಳೊಂದಿಗೆ ಕುಳಿತುಕೊಳ್ಳಿ. ಮೊದಲು ಅವರ ಮಾತು ಕೇಳಿ. ಆಮೇಲೆ ಕಾಗದ, ಪೆನ್ನು ತೆಗೆದುಕೊಳ್ಳಿ.