ದಾರಿಹೋಕನ ಸೋಸುಬಟ್ಟೆ

ಬೆಟ್ಟಕಾಡುಗಳಲ್ಲಿ ಕಾಲ್ನಡೆಯಿಂದ ಸಂಚರಿಸಿ, ರಾತ್ರಿ ಡೇರೆ ಹಾಕಿಕೊಂಡು ತಂಗುವವರ ಬೆನ್ನಚೀಲದಲ್ಲಿ ಈಗ ಒಂದು ಸಣ್ಣ ಉಪಕರಣವಿರುವುದುಂಟು. ಅದು ಗೇಣುದ್ದವನ್ನು ಮೀರದ ಒಂದು ಕೊಳವೆ. ಒಂದು ಮಾವಿನಹಣ್ಣಿನ ತೂಕವೂ ಅದಕ್ಕಿಲ್ಲ. ಹಳ್ಳದ ನೀರನ್ನು ಚೀಲವೊಂದರಲ್ಲಿ ತುಂಬಿ, ಅದರ ಬಾಯಿಗೆ ಈ ಕೊಳವೆಯನ್ನು ತಿರುಪಿ ಕೂಡಿಸಿ ಹಿಂಡಿದರೆ, ಇನ್ನೊಂದು ತುದಿಯಿಂದ ತಿಳಿಯಾದ ನೀರು ಧಾರೆಯಾಗಿ ಬೀಳುತ್ತದೆ. ಸೌದೆ ಕೂಡಿಸಿ ಕುದಿಸುವ ಶ್ರಮವಿಲ್ಲ. ಆರುವವರೆಗೆ ಕಾಯಬೇಕಾದುದೂ ಇಲ್ಲ. ಜನರು ಇದನ್ನು ಫಿಲ್ಟರು ಎಂದು ಕರೆಯುತ್ತಾರೆ. ಇದರ ಪ್ರಯೋಜನವನ್ನು ಅಲ್ಲಗಳೆಯತಕ್ಕವರು ಯಾರೂ ಇಲ್ಲ. ಆದರೆ ಇಷ್ಟು ಚಿಕ್ಕ ವಸ್ತುವಿನ ಹಿಂದೆ ಬಹಳ ಹಳೆಯದಾದ ಒಂದು ಧರ್ಮಜಿಜ್ಞಾಸೆಯು ಅಡಗಿದೆ. ನೀರನ್ನು ಸೋಸುವುದು ಯಾರ ರಕ್ಷಣೆಗಾಗಿ? ನೀರಿನಿಂದ ಕುಡಿಯುವವನನ್ನು ರಕ್ಷಿಸುವುದಕ್ಕೋ, ಕುಡಿಯುವವನಿಂದ ನೀರನ್ನೂ ಅದನ್ನಾಶ್ರಯಿಸಿದ ಜೀವಿಗಳನ್ನೂ ರಕ್ಷಿಸುವುದಕ್ಕೋ?

ದಾರಿಹೋಕನು ನೀರು ಸೋಸುವ ಸಾಧನವನ್ನು ಜೊತೆಯಲ್ಲಿ ಒಯ್ಯುವುದು ಹೊಸ ಪದ್ಧತಿಯೇನೂ ಅಲ್ಲ. ಬೌದ್ಧ ಭಿಕ್ಷುವಿಗೆ ವಿಹಿತವಾದ ಪರಿಕರಗಳು ಎಂಟು. ಮೂರು ಚೀವರಗಳು, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ನಡುಕಟ್ಟು, ಇವುಗಳ ಸಂಗಡ ಎಂಟನೆಯದಾಗಿ ನೀರು ಸೋಸುವ ಬಟ್ಟೆಯೂ ಎಣಿಕೆಯಾಗಿದೆ. ಪಾಲಿಯಲ್ಲಿ ಅದಕ್ಕೆ ಪರಿಸ್ಸಾವನವೆಂದು ಹೆಸರು. ಮನೆಮಾರುಗಳನ್ನು ಬಿಟ್ಟು ಹೊರಟವನೂ ಇದೊಂದನ್ನು ಬಿಡುವಂತಿರಲಿಲ್ಲ. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದು ನಾಲಂದೆಯಲ್ಲಿ ವ್ಯಾಸಂಗ ಮಾಡಿದ ಚೀನೀ ಯಾತ್ರಿಕ ಇತ್ಸಿಂಗನು, ಸೋಸುಬಟ್ಟೆಗಳ ವಿಷಯವನ್ನೂ, ಬಟ್ಟೆಯಲ್ಲಿ ಸಿಕ್ಕಿದ ಜೀವಿಗಳನ್ನು ಮತ್ತೆ ನೀರಿಗೆ ಬಿಡುವ ಕ್ರಮವನ್ನೂ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಜೈನರಲ್ಲಿಯೂ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸಬೇಕೆಂಬ ನಿಯಮವುಂಟು. ಸೋಸಿದ ಬಳಿಕ ಬಟ್ಟೆಯನ್ನು ಜಾಲಿಸಿ, ಅದರಲ್ಲಿ ಉಳಿದ ಜೀವಿಗಳನ್ನು ನೀರು ಸೇದಿದ ಬಾವಿಗೇ ಹಿಂದಕ್ಕೆ ಸೇರಿಸುವುದು ಆ ನಿಯಮದ ಇನ್ನೊಂದು ಅಂಗ. ಮನುಸ್ಮೃತಿಯ ಆರನೆಯ ಅಧ್ಯಾಯವು ಸಂನ್ಯಾಸಿಗೆ ಬಟ್ಟೆಯಲ್ಲಿ ಸೋಸಿದ ನೀರನ್ನೇ ವಿಧಿಸುತ್ತದೆ. ಅದೇ ಸ್ಮೃತಿಯ ನಾಲ್ಕನೆಯ ಅಧ್ಯಾಯವು ಗೃಹಸ್ಥನಿಗೆ ನೀರಿನಲ್ಲಿ ಮಲಮೂತ್ರಗಳನ್ನು ವಿಸರ್ಜಿಸುವುದನ್ನೂ ಉಗುಳುವುದನ್ನೂ ನಿಷೇಧಿಸಿದೆ. ಈ ಎರಡನೆಯ ವಿಧಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸಕ್ತಿ ಬರುವುದು.

ಬೌದ್ಧರ ವಿನಯಪಿಟಕದಲ್ಲಿ ಈ ಸಂಬಂಧವಾಗಿ ಒಂದು ದಾರುಣವಾದ ವೃತ್ತಾಂತವಿದೆ. ಇಬ್ಬರು ಭಿಕ್ಷುಗಳು ಕೋಸಲದೇಶದ ಹೆದ್ದಾರಿಯಲ್ಲಿ ಜೊತೆಯಾಗಿ ಹೋಗುತ್ತಿದ್ದರು. ಅವರಲ್ಲೊಬ್ಬನು ಅನುಚಿತವಾಗಿ ನಡೆದುಕೊಂಡನು. ಇನ್ನೊಬ್ಬನು ಹಾಗೆ ಮಾಡಬೇಡವೆಂದು ಬುದ್ಧಿ ಹೇಳಿದನು. ಹೇಳಿಸಿಕೊಂಡವನಿಗೆ ಮನಸ್ಸಿನಲ್ಲಿ ಹಗೆ ನಿಂತಿತು. ಮುಂದೆ ಬುದ್ಧಿ ಹೇಳಿದವನಿಗೆ ಬಾಯಾರಿಕೆಯಾಯಿತು. ಸೋಸುಬಟ್ಟೆಯಿದ್ದುದು ಹಗೆ ಹಿಡಿದವನಲ್ಲಿ. ಇವನು ಬೇಡಿದನು, ಅವನು ಕೊಡಲಿಲ್ಲ. ಸೋಸದ ನೀರನ್ನು ಕುಡಿಯಲೊಲ್ಲದೆ ಆ ಭಿಕ್ಷುವು ಬಾಯಾರಿಯೇ ಪ್ರಾಣ ಬಿಟ್ಟನು. ಸಂಗತಿಯು ಬುದ್ಧನಿಗೆ ತಿಳಿದು, ಆತನು ಕಟ್ಟಳೆಗಳನ್ನು ವಿಧಿಸಿದನು: ದಾರಿಯಲ್ಲಿ ಸೋಸುಬಟ್ಟೆಯನ್ನು ಬೇಡಿದವನಿಗೆ ಇಲ್ಲವೆನ್ನಕೂಡದು, ಸೋಸುವ ಸಾಧನವಿಲ್ಲದೆ ಪ್ರಯಾಣ ಹೊರಡಕೂಡದು, ಯಾವ ಸಾಧನವೂ ದೊರೆಯದಾದರೆ ಹೊದೆದ ಚೀವರದ ಅಂಚನ್ನೇ ಸೋಸುಬಟ್ಟೆಯೆಂದು ಸಂಕಲ್ಪಿಸಿಕೊಳ್ಳಬಹುದು.

ಈ ಕಥೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬಟ್ಟೆಯನ್ನು ಕೊಡದವನು ನಿಯಮವನ್ನು ಮುರಿದವನಲ್ಲ. ಅವನ ಬಳಿ ಸೋಸುಬಟ್ಟೆಯಿದ್ದಿತು. ನೀರಿನಲ್ಲಿರುವ ಹುಳವೊಂದನ್ನೂ ಅವನು ಕೊಲ್ಲದಿರಬಹುದು. ಹುಳುವಿಗೆ ತೋರಿದ ದಯೆಯು ಸಂಗಡಿಗನಿಗೆ ದೊರೆಯಲಿಲ್ಲ. ಅಹಿಂಸೆಗಾಗಿ ಹೊತ್ತ ಬಟ್ಟೆಯೇ ಹಿಂಸೆಗೆ ಕಾರಣವಾಯಿತು. ಶುದ್ಧಿಯನ್ನು ತನ್ನ ಸ್ವತ್ತೆಂದು ತಿಳಿದುಕೊಂಡವನ ಕೈಯಲ್ಲಿ ಅದು ಎಂಥ ಆಯುಧವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಇನ್ನು ಪ್ರಕೃತ ಉಪಕರಣದ ವಿಚಾರ. ಈ ಕೊಳವೆಯೊಳಗೆ ಶಾವಿಗೆಯ ಎಳೆಗಳಂತೆ ತೋರುವ ಟೊಳ್ಳಾದ ನೂಲುಗಳ ಕಟ್ಟೊಂದಿರುತ್ತದೆ. ಆ ನೂಲುಗಳ ಮೈಯೆಲ್ಲಾ ರಂಧ್ರಗಳು; ಒಂದೊಂದು ರಂಧ್ರದ ಅಗಲವು ಸಾಮಾನ್ಯವಾಗಿ ೦.೧ ಅಥವಾ ೦.೨ ಮೈಕ್ರಾನು. ೧ ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನೀರು ಆ ರಂಧ್ರಗಳಲ್ಲಿ ಒಳನುಗ್ಗಿ ಹೋಗುವುದು. ಕಾಲರಾ, ವಿಷಮಶೀತಜ್ವರ ಮೊದಲಾದವುಗಳ ಬ್ಯಾಕ್ಟೀರಿಯಗಳೂ, ಹೊಟ್ಟೆಯನ್ನು ಕೆಡಿಸುವ ಜಿಯಾರ್ಡಿಯ ಎಂಬ ಜೀವಿಯ ಕೋಶಗಳೂ ಹೊರಗೇ ನಿಲ್ಲುವುವು. ಕೆಸರು ಕಟ್ಟಿ ಧಾರೆ ಸಣ್ಣದಾದಾಗ ಶುದ್ಧವಾದ ನೀರನ್ನು ಹಿಮ್ಮುಖವಾಗಿ ಒತ್ತಿ ತೊಳೆಯಬೇಕು. ಒಮ್ಮೆ ಒದ್ದೆಯಾದ ಫಿಲ್ಟರಿನೊಳಗಣ ನೀರು ಹಿಮದ ಚಳಿಯಲ್ಲಿ ಹೆಪ್ಪುಗಟ್ಟಿದರೆ ನೂಲುಗಳು ಸೀಳುವುವು. ಹೊರಗಣಿಂದ ನೋಡಿದರೆ ಆ ಭಂಗವು ಕಾಣಿಸದು. ಆದುದರಿಂದ ಹಿಮಾಲಯದಂಥ ಶೀತಪ್ರದೇಶಗಳಲ್ಲಿ ತಿಳಿದವರು ಅದನ್ನು ರಾತ್ರಿ ಹಾಸಿಗೆಯೊಳಗೆ ಮೈಯ ಬಿಸಿಗೆ ತಗಲುವಂತೆ ಇಟ್ಟುಕೊಂಡು ಮಲಗುತ್ತಾರೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. “ಹಿಂದಿನವರ ಸೋಸುಬಟ್ಟೆ ಜೀವದಯೆಯದು, ಇಂದಿನ ಫಿಲ್ಟರು ಆತ್ಮರಕ್ಷಣೆಯದು. ಸೂಕ್ಷ್ಮಜೀವಿಗಳನ್ನು ಅಸಂಖ್ಯವಾಗಿ ಹಿಡಿದು ನಾಶಮಾಡುವ ಈ ಯಂತ್ರಕ್ಕೂ ಆ ವ್ರತಕ್ಕೂ ಏನು ಸಂಬಂಧ? ಹೊತ್ತವನು ತನ್ನ ಆರೋಗ್ಯವನ್ನು ಕಾಪಾಡಿಕೊಂಡರೆ ಅದರ ಕೆಲಸ ತೀರಿತು. ಉಳಿದದ್ದಕ್ಕೆ ಧರ್ಮದ ಹೆಸರನ್ನು ಅಂಟಿಸುವುದೇಕೆ?”

ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಶರೀರವನ್ನು ರಕ್ಷಿಸಿಕೊಳ್ಳುವುದು ದೋಷವಲ್ಲ, ಅದೂ ಕರ್ತವ್ಯವೇ. ಕಣ್ಣಿಗೆ ಕಾಣದ ರೋಗಬೀಜಗಳ ಮೇಲೆ ಕರುಣೆ ತೋರಿ ಮಕ್ಕಳಿಗೆ ಕೊಳಕು ನೀರನ್ನು ಕುಡಿಸಬೇಕೆಂದು ಯಾವ ಧರ್ಮವೂ ಹೇಳಲಾರದು. ಆದರೆ ದಯೆ ಬೇರೆ, ಆತ್ಮರಕ್ಷಣೆ ಬೇರೆ, ಇವುಗಳ ದಾರಿ ಒಂದನ್ನೊಂದು ಕೂಡುವುದೇ ಇಲ್ಲ ಎಂಬುದು ಮಾತ್ರ ವಿಚಾರಕ್ಕೆ ನಿಲ್ಲದು. ಬಂಗ್ಲಾದೇಶದ ಹಳ್ಳಿಗಳಲ್ಲಿ ನಡೆದ ಒಂದು ಪರೀಕ್ಷೆಯು ಇದನ್ನು ತೋರಿಸಿಕೊಟ್ಟಿದೆ. ಕಾಲರಾದ ಬ್ಯಾಕ್ಟೀರಿಯವು ಬಟ್ಟೆಯ ಎಳೆಗಳ ನಡುವೆ ಸುಲಭವಾಗಿ ನುಸುಳಿಹೋಗುವಷ್ಟು ಸಣ್ಣದು. ಆದರೆ ಅದು ಕೊಳದ ನೀರಿನಲ್ಲಿ ಅತಿ ಚಿಕ್ಕ ಜಲಜಂತುಗಳ ಮೈಗೆ ಅಂಟಿಕೊಂಡು ಬಾಳುವುದುಂಟು. ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಅವರ ಸಂಗಡಿಗರು ಅಲ್ಲಿನ ಹೆಂಗಸರಿಗೆ ಹಳೆಯ ಹತ್ತಿಯ ಸೀರೆಯನ್ನು ನಾಲ್ಕು ಮಡಿಕೆಯಾಗಿ ಕೊಡದ ಬಾಯಿಗೆ ಕಟ್ಟಿ ನೀರು ತುಂಬುವ ಕ್ರಮವನ್ನು ಕಲಿಸಿದರು. ಅದರಿಂದ ಕಾಲರಾ ಸುಮಾರು ಅರ್ಧದಷ್ಟು ಇಳಿಯಿತೆಂದು ೨೦೦೩ರಲ್ಲಿ ಪ್ರಕಟವಾಯಿತು. ಜಲಜಂತುವನ್ನು ಕುಡಿಯಬಾರದೆಂದು ಬಟ್ಟೆ ಹಿಡಿದವನು, ತಾನರಿಯದೆಯೇ, ಆ ಜಂತುವು ಹೊತ್ತ ರೋಗದಿಂದಲೂ ಪಾರಾಗುತ್ತಿದ್ದನು. ಹೊಸ್ತಿಲಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಕು ಕೊಡುವಂತೆ, ಒಂದೇ ಬಟ್ಟೆಯು ಎರಡು ಕಡೆಯನ್ನೂ ಕಾಯುತ್ತಿದ್ದಿತು. ದೇಹಲೀದೀಪನ್ಯಾಯವೆಂಬುದು ಇದೇ.

ಕನ್ನಡನಾಡಿನ ಹಿರಿಯರು ಬಲ್ಲ ನಾರುಹುಣ್ಣಿನ ಕಥೆಯು ಇದನ್ನು ಇನ್ನೂ ವಿಶದಪಡಿಸುತ್ತದೆ. ಇದರ ಎಳೆಮರಿಗಳನ್ನು ನುಂಗಿದ ಸೈಕ್ಲಾಪ್ಸೆಂಬ ಸಣ್ಣ ಜಲಜಂತುವು ನೀರಿನೊಡನೆ ಹೊಟ್ಟೆಯನ್ನು ಸೇರಿದರೆ, ಸುಮಾರು ಒಂದು ವರ್ಷದ ಮೇಲೆ ಮೊಳಕ್ಕಿಂತ ಉದ್ದವಾಗಿ ಬೆಳೆದ ಹುಳವು ಹೆಚ್ಚಾಗಿ ಕಾಲಿನಲ್ಲಿ ಚರ್ಮವನ್ನು ಒಡೆದು ಹೊರಬರುವುದು. ಆ ಉರಿಯನ್ನು ತಾಳಲಾರದೆ ರೋಗಿಯು ಮೆಟ್ಟಿಲುಬಾವಿಯ ನೀರಿನಲ್ಲಿ ಕಾಲಿಟ್ಟರೆ, ಹುಳವು ಅಲ್ಲಿಯೇ ಮರಿಗಳನ್ನು ಬಿಡುವುದು. ಮತ್ತೆ ಊರಿಗೆಲ್ಲ ಅದೇ ವ್ಯಾಧಿ. ಇದಕ್ಕೆ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಎರಡು ನಡತೆಗಳೇ ಮುಖ್ಯ ಚಿಕಿತ್ಸೆಯಾದುವು: ಕುಡಿಯುವವನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕು, ಹುಣ್ಣಾದವನು ನೀರಿಗೆ ಇಳಿಯಬಾರದು. ಇವುಗಳೊಡನೆ ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು. ನೀರಿಗೆ ಮದ್ದು ಹಾಕಿ ಸೈಕ್ಲಾಪ್ಸನ್ನು ಅಳಿಸಿದರು. ಕರ್ಣಾಟಕವೂ ಸೇರಿ ಏಳು ರಾಜ್ಯಗಳಲ್ಲಿದ್ದ ಈ ರೋಗದ ಕೊನೆಯ ಪ್ರಸಂಗವು ೧೯೯೬ರಲ್ಲಿ ರಾಜಸ್ಥಾನದಲ್ಲಿ ಕಂಡಿತು. ೨೦೦೦ದಲ್ಲಿ ಭಾರತವು ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯಸಂಸ್ಥೆಯು ಸಾರಿತು. ಆಫ್ರಿಕಾಖಂಡದ ಸೂಡಾನಿನಲ್ಲಿ ಇದೇ ರೋಗದ ನಿವಾರಣೆಗಾಗಿ ೨೦೦೧ರಲ್ಲಿ ಕೊರಳಿಗೆ ತೂಗುಹಾಕಿಕೊಳ್ಳುವ ಸೋಸುಕೊಳವೆಗಳನ್ನು ಲಕ್ಷಗಟ್ಟಲೆ ಹಂಚಿದರು. ಇಂದಿನ ಪಾದಚಾರಿಗಳು ಬಾಯಿಟ್ಟು ಹೀರುವ ಕೆಲವು ಕೊಳವೆಗಳು ಆ ವಂಶದವೇ. ಸೋಸುವುದೊಂದರಿಂದಲೇ ನಾರುಹುಣ್ಣು ಹೋಗಲಿಲ್ಲ; ನೀರಿಗೆ ಕಾಲಿಡದಿದ್ದ ರೋಗಿಯ ಸಂಯಮವೂ ಅದರಲ್ಲಿ ಸೇರಿತ್ತು. ಕುಡಿಯುವವನು ತನ್ನನ್ನು ಕಾದುಕೊಂಡನು. ನೋಯುವವನು ಇತರರನ್ನು ಕಾದನು.

ಹೀಗಿರಲಾಗಿ, ಫಿಲ್ಟರಿನ ಶಕ್ತಿಯು ಎಲ್ಲಿ ಮುಗಿಯುವುದೆಂಬುದನ್ನು ವಿಚಾರಿಸಬೇಕು. ೦.೧ ಮೈಕ್ರಾನಿನ ರಂಧ್ರದಲ್ಲಿ ಬ್ಯಾಕ್ಟೀರಿಯವು ತೂರದು, ವೈರಸ್ಸು ತೂರುವುದು. ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸ್ ‘ಎ’ ವೈರಸ್ಸಿನ ಅಳತೆಯು ಆ ರಂಧ್ರದ ಮೂರನೆಯ ಒಂದು ಪಾಲಿನಷ್ಟೂ ಇಲ್ಲ. ಅಂಥ ವೈರಸ್ಸು ಬೆಟ್ಟದ ಹಳ್ಳಕ್ಕೆ ಎಲ್ಲಿಂದ ಬರುತ್ತದೆ? ಕಲ್ಲಿನಿಂದಲ್ಲ, ತರಗೆಲೆಯಿಂದಲ್ಲ, ಕಾಡುಮೃಗದಿಂದಲೂ ಅಲ್ಲ. ಮುಖ್ಯವಾಗಿ ಮನುಷ್ಯನ ಮಲದಿಂದ. ಎಂದರೆ, ಮೇಲುಗಡೆ ಡೇರೆ ಹಾಕಿದ ಇನ್ನೊಬ್ಬ ಪಾದಚಾರಿಯ ಅಜಾಗ್ರತೆಯಿಂದ. ಅವನ ಚೀಲದಲ್ಲಿಯೂ ಇಂಥದೇ ಫಿಲ್ಟರಿರಬಹುದು. ಯಂತ್ರವು ಹಿಡಿಯಲಾರದ ದೋಷವು, ಯಂತ್ರವನ್ನು ಹೊತ್ತವನೇ ತಂದಿಟ್ಟದ್ದು.

ನಗರಗಳಿಗೂ ಈ ಪಾಠವು ತಪ್ಪಿದ್ದಲ್ಲ. ೧೯೫೫ರ ನವೆಂಬರಿನಲ್ಲಿ ದಿಲ್ಲಿಯಲ್ಲಿ, ಯಮುನೆಯಿಂದ ನೀರೆತ್ತುವ ವಜೀರಾಬಾದಿನ ಸ್ಥಳಕ್ಕೆ ಚರಂಡಿಯ ನೀರು ಹಿಮ್ಮರಳಿ ಸೇರಿತು. ನೀರನ್ನು ಶೋಧಿಸಿ ಕ್ಲೋರಿನ್ ಬೆರಸಿಯೇ ಊರಿಗೆ ಬಿಡಲಾಗುತ್ತಿತ್ತು. ವಿಷಮಶೀತಜ್ವರವು ಹೆಚ್ಚಲಿಲ್ಲ, ಆದರೆ ಕೆಲವು ವಾರಗಳಲ್ಲಿ ಸುಮಾರು ೨೯,೦೦೦ ಜನರಿಗೆ ಕಾಮಾಲೆಯಾಯಿತು. ಅದು ಈಗ ಹೆಪಟೈಟಿಸ್ ‘ಇ’ ಎಂದು ಕರೆಯಲ್ಪಡುವ ವೈರಸ್ಸಿನದೆಂದು ಬಹುಕಾಲದ ಮೇಲೆ ಗೊತ್ತಾಯಿತು. ಶೋಧಕಗಳು ತಮ್ಮ ಕೆಲಸವನ್ನು ಮಾಡಿದ್ದುವು. ಕೆಟ್ಟಿದ್ದುದು ನೀರಿನ ಮೂಲ.

ನೀರಿನಲ್ಲಿ ಮಲಮೂತ್ರಗಳು ಕೂಡದೆಂಬ ಸ್ಮೃತಿವಿಧಿಯ ಪ್ರಸಕ್ತಿಯು ಈಗ ಬಂದಿತು. ಸೋಸಿ ಕುಡಿ ಎಂಬುದೂ, ನೀರನ್ನು ಕೆಡಿಸಬೇಡ ಎಂಬುದೂ ಒಂದೇ ಧರ್ಮದ ಎರಡು ಮುಖಗಳು. ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಟ್ಟವನಿಗೆ ಮೊದಲನೆಯದರ ಫಲವೂ ಪೂರ್ತಿಯಾಗಿ ದಕ್ಕದು. ಕಾಡಿನಲ್ಲಿ ತಂಗುವವರಿಗೆ ಬಲ್ಲವರು ಹೇಳುವ ಕ್ರಮವೂ ಇದಕ್ಕೆ ಅನುಗುಣವಾಗಿದೆ: ಶೌಚಕ್ಕೆ ನೀರಿನಿಂದ ೨೦೦ ಅಡಿಗಳಿಗೆ ಕಡಮೆಯಿಲ್ಲದಷ್ಟು ದೂರ ಹೋಗಬೇಕು, ಗೇಣಾಳದ ಗುಂಡಿ ತೋಡಿ ಮಣ್ಣು ಮುಚ್ಚಬೇಕು, ಹರಿಯುವ ನೀರಿನಲ್ಲಿ ಸಾಬೂನನ್ನು ಬಳಸಬಾರದು, ಪಾತ್ರೆಗಳನ್ನು ನೀರಿನೊಳಗಿಟ್ಟು ಉಜ್ಜಬಾರದು. ಫಿಲ್ಟರನ್ನು ಕೊಳ್ಳುವಾಗ ಇವುಗಳಿಗೆ ಬೆಲೆ ಕೊಡಬೇಕಾದುದಿಲ್ಲ. ಆದುದರಿಂದಲೇ ಇವು ಮರೆತುಹೋಗುತ್ತವೆ.

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತವನ್ನು ಏರುವವರನ್ನು ನೆನೆಯಬಹುದು. ೧,೭೧೨ ಮೀಟರು ಎತ್ತರದ ಆ ಶಿಖರದ ದಾರಿಯಲ್ಲಿ ಬೆವರಿ ಬಳಲಿದವನಿಗೆ ಹಳ್ಳವೊಂದು ಕಂಡರೆ ಅದು ಅಮೃತಕ್ಕೆ ಸಮಾನ. ಆ ಬೆಟ್ಟಸಾಲಿನ ನೀರು ಕುಮಾರಧಾರೆಯಾಗಿ ಇಳಿದುಬರುತ್ತದೆ. ಯಾತ್ರಿಕರು ಅದರಲ್ಲಿ ಸ್ನಾನಮಾಡಿ ದೇವರ ದರ್ಶನಕ್ಕೆ ಹೋಗುತ್ತಾರೆ. ನದಿಯು ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಆ ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ ಮಂಗಳೂರಿನ ಮನೆಗಳಿಗೆ ಕುಡಿಯುವ ನೀರು ಹೋಗುತ್ತದೆ. ಬೆಟ್ಟದ ಮೇಲೆ ನೀರು ಹಿಂಡಿಕೊಳ್ಳುವವನು ತಾನು ಕಾಡಿನಲ್ಲಿ ಒಬ್ಬನೇ ಇರುವೆನೆಂದು ತಿಳಿದುಕೊಂಡಿರಬಹುದು. ಆದರೆ ಅವನ ಕೆಳಗೆ, ಆ ಒಂದೇ ನೀರಿನ ದಾರಿಯಲ್ಲಿ, ಒಂದು ಪಟ್ಟಣವೇ ಕೊಡವನ್ನು ಹಿಡಿದು ನಿಂತಿದೆ.

ಕೋಸಲದ ದಾರಿಯಲ್ಲಿ ಹುಟ್ಟಿದ ಕಟ್ಟಳೆಯನ್ನೂ ಇಲ್ಲಿಗೆ ಅನ್ವಯಿಸಬೇಕು. ಬಾಯಿಟ್ಟು ಹೀರುವ ಕೊಳವೆಯು ಒಬ್ಬನಿಗೇ ಸಲ್ಲುವುದು. ಒಬ್ಬರ ಎಂಜಲನ್ನು ಇನ್ನೊಬ್ಬರಿಗೆ ಕೊಡುವುದು ಆರೋಗ್ಯಕ್ಕೂ ಹಿತವಲ್ಲ, ಆಚಾರಕ್ಕೂ ಹಿತವಲ್ಲ. ಚೀಲದಿಂದ ಹಿಂಡುವ ಫಿಲ್ಟರಾದರೋ ನಾಲ್ವರ ಸೀಸೆಗಳನ್ನು ತುಂಬಬಲ್ಲುದು. ತಂಡವಾಗಿ ಹೊರಡುವವರು ಎರಡನೆಯದನ್ನು ಆರಿಸಿಕೊಳ್ಳುವುದು ಲೇಸು. ದಾರಿಯಲ್ಲಿ ಅಪರಿಚಿತನೊಬ್ಬನು ಬಾಯಾರಿ ಬಂದರೆ, ಅವನು ತನ್ನ ಸಾಧನವನ್ನು ಏಕೆ ತರಲಿಲ್ಲವೆಂಬ ವಿಚಾರಣೆಯು ನೀರು ಕೊಟ್ಟಮೇಲೆ ನಡೆಯಲಿ. ಬುದ್ಧನ ಕಟ್ಟಳೆಯಲ್ಲಿ ಬೇಡುವವನ ಯೋಗ್ಯತೆಯ ಪ್ರಸ್ತಾಪವಿಲ್ಲ. ಹಿಂದಿನ ಜಗಳದ ಲೆಕ್ಕವೂ ಇಲ್ಲ. ಬೇಡಿದವನಿಗೆ ಕೊಡಬೇಕು, ಅಷ್ಟೆ.

ಆದುದರಿಂದ ನೀರನ್ನು ಸೋಸುವುದು ಯಾರ ರಕ್ಷಣೆಗಾಗಿ ಎಂಬ ಮೊದಲ ಪ್ರಶ್ನೆಗೆ ಉತ್ತರವು ಹೀಗಾಗುತ್ತದೆ: ಕುಡಿಯುವವನಿಗಾಗಿ, ಅವನ ಜೊತೆಯವನಿಗಾಗಿ, ಕೆಳಗಿನ ದಂಡೆಯಲ್ಲಿರುವ ಕಾಣದವನಿಗಾಗಿ. ಮೊದಲನೆಯವನ ಕಾವಲಿಗೆ ೦.೧ ಮೈಕ್ರಾನಿನ ರಂಧ್ರವು ಬಹುಮಟ್ಟಿಗೆ ಸಾಕಾಗುತ್ತದೆ. ಉಳಿದಿಬ್ಬರ ಕಾವಲಿಗೆ ಯಾವ ಅಂಗಡಿಯಲ್ಲಿಯೂ ಉಪಕರಣವು ದೊರೆಯುವುದಿಲ್ಲ. ಅದನ್ನು ಹೊರಡುವವನು ಮನೆಯಿಂದಲೇ ತೆಗೆದುಕೊಂಡು ಹೋಗಬೇಕು. ಮಕ್ಕಳ ಬೆನ್ನಚೀಲಕ್ಕೆ ಫಿಲ್ಟರನ್ನು ಹಾಕಿ ಬೆಟ್ಟಕ್ಕೆ ಕಳುಹಿಸುವ ತಂದೆತಾಯಿಗಳು, ಅದನ್ನು ಉಪಯೋಗಿಸುವ ಬಗೆಯ ಜೊತೆಗೆ ಕೋಸಲದ ಆ ಇಬ್ಬರು ಭಿಕ್ಷುಗಳ ಕಥೆಯನ್ನೂ ಹೇಳಿ ಕಳುಹಿಸಿದರೆ ಒಳ್ಳೆಯದು.