ಹರಳಿನ ಉಂಗುರವೂ ನಂಬಿಗೆಯೂ

ಮನುಷ್ಯನು ಪತ್ತಾರನ ಮನೆಗೆ ಹೋಗಿ, ತನ್ನ ಬೆರಳಿನ ಅಳತೆಯನ್ನು ಕೊಟ್ಟು, ಇಂಥದೇ ಹರಳು, ಇಷ್ಟೇ ತೂಕದ ಬಂಗಾರ, ಇಂಥದೇ ನಕ್ಷೆ ಎಂದು ಹೇಳಿ ಒಂದು ಉಂಗುರವನ್ನು ಮಾಡಿಸಿಕೊಳ್ಳುವಾಗ ನಿಜವಾಗಿ ಆತನು ಕೊಳ್ಳುವದು ಏನನ್ನು? ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಭಕ್ತಿ, ಜ್ಞಾನ, ವೈರಾಗ್ಯಗಳನ್ನು ಕುರಿತು ಬಲ್ಲವರು ಬರೆಯುವ ಈ ಸಂಚಿಕೆಯಲ್ಲಿ ಉಂಗುರದ ಮಾತೇಕೆ ಎಂದು ಭಾವುಕರು ಕೇಳಲೂಬಹುದು. ಆದರೆ ಬಂಗಾರ, ಹರಳು, ಭಯ, ಸಾಲ ಈ ನಾಲ್ಕೂ ಒಂದೇ ಬೆರಳಿನ ಮೇಲೆ ಕೂಡಿ ಬರುವ ಪ್ರಸಂಗಗಳನ್ನು ಹಳ್ಳಿಯ ದಫ್ತರವನ್ನು ನೋಡಿಕೊಳ್ಳುವ ನನ್ನಂಥವನು ಕಾಣುತ್ತಲೇ ಇರುತ್ತಾನೆ. ಆದ್ದರಿಂದ ಈ ವಿಷಯದಲ್ಲಿಯೂ ಧರ್ಮಾಧರ್ಮಗಳ ವಿಚಾರಕ್ಕೆ ಎಡೆಯುಂಟೆಂದು ನಾನು ಬಗೆದಿದ್ದೇನೆ.

ಸಿದ್ಧವಾದ ಉಂಗುರವನ್ನು ಅಂಗಡಿಯಲ್ಲಿ ಆರಿಸಿಕೊಳ್ಳುವವನು ಕಣ್ಣಿಗೆ ಕಂಡದ್ದನ್ನು ಕೊಳ್ಳುತ್ತಾನೆ. ಮಾಡಿಸುವವನಾದರೋ ಇನ್ನೂ ಇಲ್ಲದ ವಸ್ತುವಿಗೆ ಮುಂಗಡ ಕೊಟ್ಟು ಬರುತ್ತಾನೆ. ಆಗ ಆತನ ಕೈಯಲ್ಲಿ ಉಳಿಯುವದು ಪತ್ತಾರನ ಮಾತೊಂದೇ. ಮೂಸೆಯಲ್ಲಿ ಬಂಗಾರ ಕರಗುವದನ್ನು, ಅದಕ್ಕೆ ತಾಮ್ರ ಬೆಳ್ಳಿಗಳು ಬೆರೆಯುವದನ್ನು, ಅದನ್ನು ಬಡಿದು ಎಳೆದು ಬಾಗಿಸಿ ತುದಿಗೆ ತುದಿ ಬೆಸೆಯುವದನ್ನು ಆತನು ಹಗಲೆಲ್ಲ ಕುಳಿತು ನೋಡಲಾರನು. ಬೆಸುಗೆಯ ಲೋಹವು ಉಂಗುರಕ್ಕಿಂತ ಬೇಗ ಕರಗಬೇಕು. ಅದಕ್ಕಾಗಿ ಅದರಲ್ಲಿ ಬೆರಕೆ ಹೆಚ್ಚು. ಅದು ಎಷ್ಟು ಬಿದ್ದಿತೆಂಬುದು ಮಾಡಿದವನಿಗಷ್ಟೇ ಗೊತ್ತು. ಅರದಿಂದ ತಿಕ್ಕಿದಾಗ ಉದುರುವ ಪುಡಿಯೂ ಬಂಗಾರವೇ. ಬೆಂಕಿಯ ಕೆಲಸವೆಲ್ಲ ಮುಗಿದು ಉಂಗುರ ತಣ್ಣಗಾದ ಮೇಲೆಯೇ ಹರಳನ್ನು ಅದರ ಮನೆಯಲ್ಲಿ ಕೂಡಿಸುವರು. ಮೊದಲೇ ಕೂಡಿಸಿದರೆ ಕಾವಿಗೆ ಹರಳು ಸೀಳಿ ಹೋದೀತು.

ಹರಳು ಕೂತ ಮೇಲೆ ಅದರ ಬೆನ್ನು ಕಾಣುವದಿಲ್ಲ. ಇಲ್ಲಿಯೇ ಈ ವ್ಯವಹಾರದ ಮರ್ಮವಿದೆ. ಹಳೆಯ ಕುಂದಣದ ಕೆಲಸದಲ್ಲಿ ಹರಳಿನ ಕೆಳಗೆ ತೆಳುವಾದ ಹೊಳೆಯುವ ತಗಡನ್ನಿಟ್ಟು ಸುತ್ತಲೂ ಅಪ್ಪಟ ಬಂಗಾರವನ್ನು ಒತ್ತಿ ಮುಚ್ಚಿಬಿಡುವರು. ತಗಡಿನ ಬಣ್ಣವೇ ಹರಳಿನ ಬಣ್ಣವಾಗಿ ಮಿನುಗುವದು. ಇದು ಮೋಸವಲ್ಲ, ಕಲೆ. ಆದರೆ ಕಲೆಗೂ ಮೋಸಕ್ಕೂ ನಡುವೆ ಇರುವದು ಆ ತಗಡಿನಷ್ಟೇ ತೆಳುವಾದ ಅಂತರ. ಗ್ರಹಶಾಂತಿಗೆಂದು ಮಾಡಿಸುವ ಉಂಗುರದಲ್ಲಿ ಮಾತ್ರ ಹರಳು ಚರ್ಮಕ್ಕೆ ತಾಗಬೇಕೆಂದು ಮನೆಯ ತಳವನ್ನು ತೆರೆದಿಡುವ ರೂಢಿಯುಂಟು. ಗ್ರಹದ ಕಿರಣವು ಆ ರಂಧ್ರದಿಂದ ಮೈಗೆ ಇಳಿಯುವದೆಂದು ನಂಬುವವರು ನಂಬಲಿ. ನನಗೆ ಅದರಲ್ಲಿ ಕಾಣುವ ಉಪಯೋಗವು ಬೇರೆ. ಬಿಸಿಲಿಗೆ ಹಿಡಿದರೆ ಬೆಳಕು ಅತ್ತಿಂದಿತ್ತ ಹಾಯುತ್ತದೆ. ಕೊಂಡವನಿಗೆ ತಾನು ಕೊಂಡದ್ದರ ಹಿಂಬದಿಯೂ ಕಾಣುತ್ತದೆ.

ಬಂಗಾರದ ಮಟ್ಟಿಗೆ ಸರಕಾರವೇ ಈಗ ಸಾಕ್ಷಿಯಾಗಿ ನಿಂತಿದೆ. 2021ನೆಯ ಜೂನ್ ತಿಂಗಳಲ್ಲಿ ಮೊದಲು 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 22 ಕ್ಯಾರಟ್ಟಿಗೆ 916, 18 ಕ್ಯಾರಟ್ಟಿಗೆ 750 ಎಂಬ ಅಂಕಿಯೂ, ಆಯಾ ಒಡವೆಗೇ ಸೇರಿದ ಆರು ಅಕ್ಷರಾಂಕಗಳ ಗುರುತೂ ಅದರ ಮೇಲೆ ಇರಬೇಕು. ಆದರೆ ಈ ಮುದ್ರೆಯು ಸಾಕ್ಷಿ ನುಡಿಯುವದು ಬಂಗಾರದ ಪರವಾಗಿ ಮಾತ್ರ. ಹರಳಿನ ವಿಷಯದಲ್ಲಿ ಅದು ಮೌನ. ಕುಂದಣದ ಒಡವೆಗಳಿಗಂತೂ ಈ ನಿಯಮದಿಂದ ವಿನಾಯಿತಿಯೇ ಇದೆ. ಹರಳು ಭೂಗರ್ಭದ್ದೋ ಕುಲುಮೆಯದೋ, ಬಣ್ಣ ತಾನಾಗಿ ಬಂದದ್ದೋ ಕಾಸಿ ತಂದದ್ದೋ ಎಂಬುದಕ್ಕೆ ರತ್ನಪರೀಕ್ಷೆಯ ಪ್ರಯೋಗಶಾಲೆಯಿಂದ ಬೇರೆ ಪತ್ರವನ್ನು ಪಡೆಯಬೇಕು. ತೂಕದಲ್ಲಿಯೂ ತೊಡಕಿದೆ. ಹಿಂದಿನ ಲೆಕ್ಕದಲ್ಲಿ 8 ಗುಲಗಂಜಿಗೆ ಒಂದು ಮಾಸಿ, 12 ಮಾಸಿಗೆ ಒಂದು ತೊಲೆ. ತೊಲೆಯೆಂದರೆ ಇಂದಿನ 11.66 ಗ್ರಾಮು. ಹರಳಿನ ಕ್ಯಾರಟ್ಟು ಎಲ್ಲಿ ಹೋದರೂ 200 ಮಿಲಿಗ್ರಾಮು. ಆದರೆ ರತ್ತಿಯೆಂಬ ಮಾತು ಒಂದು ಅಂಗಡಿಯಲ್ಲಿ ಒಂದು ತೂಕ, ಮತ್ತೊಂದರಲ್ಲಿ ಮತ್ತೊಂದು. ಹೊಲದ ಅಳತೆಯಲ್ಲಿ ಇಂಥ ಸಡಿಲನ್ನು ಯಾವ ರೈತನೂ ಸಹಿಸಲಾರನು. ಐದು ರತ್ತಿಯ ಹರಳನ್ನು ಮಾತ್ರ ತೂಗಿಸದೆಯೆ ಕಣ್ಣಿಗೊತ್ತಿಕೊಂಡು ತರುವನು.

ಬಂಗಾರದ ಹಂಬಲವನ್ನು ಕಾಯದೆಯಿಂದ ಕಟ್ಟಬಹುದೆಂದು ಒಮ್ಮೆ ಪ್ರಯತ್ನ ನಡೆದದ್ದನ್ನು ಹಿರಿಯರು ಬಲ್ಲರು. ಚೀನದೊಡನೆ ಯುದ್ಧವಾದ ಮರುವರುಷ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿಯವರು ಅರ್ಥಮಂತ್ರಿಗಳಾಗಿದ್ದಾಗ, 14 ಕ್ಯಾರಟ್ಟಿಗೆ ಮೀರಿದ ಆಭರಣ ಮಾಡಕೂಡದೆಂಬ ನಿಯಮ ಬಂದಿತು. ಜನರ ಆಸೆ ಕುಗ್ಗಲಿಲ್ಲ. ಪತ್ತಾರರ ಅಗ್ಗಿಷ್ಟಿಕೆಗಳು ಆರಿದವು. 14 ಕ್ಯಾರಟ್ಟಿನ ಕಟ್ಟು 1966ರಲ್ಲಿ ಸಡಿಲಾಯಿತು. 1968ರಲ್ಲಿ ಬಂದ ಬಂಗಾರ ನಿಯಂತ್ರಣದ ಕಾಯದೆಯು 1990ರಲ್ಲಿ ರದ್ದಾಯಿತು. ಆಸೆಯ ತಪ್ಪಿಗೆ ಕಸಬಿನವನು ದಂಡ ತೆತ್ತ ಪ್ರಸಂಗವಿದು.

ಇನ್ನು ನಮ್ಮ ಪುರಾಣ ಕಾವ್ಯಗಳಲ್ಲಿಯ ಉಂಗುರಗಳನ್ನು ನೋಡೋಣ. ಅಶೋಕವನದಲ್ಲಿ ಹನುಮಂತನು ಸೀತಾದೇವಿಗೆ ಕೊಟ್ಟ ಮುದ್ರಿಕೆಯ ಮೇಲೆ ಇದ್ದದ್ದು ರಾಮನಾಮ. ಆ ತಾಯಿಯು ಅದನ್ನು ಒರೆಗೆ ಹಚ್ಚಲಿಲ್ಲ, ತೂಕ ಕೇಳಲಿಲ್ಲ. ಅದು ಯಾರ ಬೆರಳಿನಿಂದ ಬಂದಿತೆಂಬುದೇ ಅದರ ಬೆಲೆ. ಕಾಳಿದಾಸನ ಶಕುಂತಲೆಗೆ ಬಂದ ಗತಿಯು ಬೇರೆ. ದುಷ್ಯಂತನ ಮಾತು ಮರೆಯಾದಲ್ಲಿ ಉಂಗುರವು ಸಾಕ್ಷಿ ಹೇಳಬೇಕಾಯಿತು. ಅದೂ ನೀರಿಗೆ ಬಿದ್ದು ಮೀನಿನ ಹೊಟ್ಟೆ ಸೇರಿತು. ಮೂರನೆಯದು ಮುದ್ರಾರಾಕ್ಷಸದ ಕಥೆ. 1823ರಲ್ಲಿ ಕೆಂಪುನಾರಾಯಣನು ‘ಮುದ್ರಾಮಂಜೂಷ’ವೆಂದು ಅದನ್ನು ಕನ್ನಡದ ಗದ್ಯಕ್ಕೆ ತಂದನು. ಅಲ್ಲಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಗೆ ಸಿಕ್ಕು, ಒಡೆಯನು ಕನಸಿನಲ್ಲಿಯೂ ಬರೆಯದಿದ್ದ ಓಲೆಗೆ ಮೊಹರಾಗುತ್ತದೆ. ಉಂಗುರ ಅದೇ, ಬಂಗಾರ ಅದೇ. ಆದರೆ ನುಡಿದದ್ದು ಸುಳ್ಳು. ಉಂಗುರಕ್ಕೆ ತನ್ನದೆಂಬ ಸತ್ಯವಿಲ್ಲ, ಹಿಡಿದ ಕೈಯ ಸತ್ಯವೇ ಅದರ ಸತ್ಯವೆಂದು ನಾನು ಇದರಿಂದ ತಿಳಿಯುತ್ತೇನೆ.

ಹಾಗಿರುವಾಗ ಹರಳಿಗೆ ನಮ್ಮ ಭಾಗ್ಯವನ್ನು ತಿದ್ದುವ ಶಕ್ತಿಯುಂಟೆ? ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ರತ್ನಪರೀಕ್ಷೆಯ ಅಧ್ಯಾಯಗಳಿವೆ. ರತ್ನಗಳ ಶುಭಾಶುಭಗಳನ್ನು ನಂಬುವದು ಹೊಸ ಮಾತಲ್ಲ. ಆದರೆ ಒಂದು ಸಂಗತಿಯನ್ನು ವಾಚಕರು ಲಕ್ಷ್ಯಕ್ಕೆ ತರಬೇಕು. ಸೂರ್ಯನಿಗೆಂದು ಹೇಳುವ ಮಾಣಿಕ್ಯವೂ ಶನಿಗೆಂದು ಹೇಳುವ ನೀಲವೂ ರಸಾಯನಶಾಸ್ತ್ರದ ದೃಷ್ಟಿಯಿಂದ ಒಂದೇ ಖನಿಜ; ಎರಡೂ ಅಲ್ಯುಮಿನಿಯಮ್ಮಿನ ಆಕ್ಸೈಡು. ಕ್ರೋಮಿಯಮ್ ಎಂಬ ಲೋಹದ ಲೇಶ ಸೇರಿದರೆ ಕೆಂಪು. ಕಬ್ಬಿಣ, ಟೈಟೇನಿಯಮ್‌ಗಳ ಲೇಶ ಸೇರಿದರೆ ನೀಲಿ. ಪುರಾಣದಲ್ಲಿ ಶನಿಯು ಸೂರ್ಯನ ಮಗನೇ ಅಲ್ಲವೆ? ಈ ಹೊಂದಿಕೆಯನ್ನು ನೆನೆದು ನಾನು ಅನೇಕ ಸಲ ನಕ್ಕಿದ್ದೇನೆ. 1902ರಲ್ಲಿ ಫ್ರಾನ್ಸಿನ ವೆರ್ನೂಯಿ ಎಂಬ ವಿಜ್ಞಾನಿಯು ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯವನ್ನು ಬೆಳೆಸುವ ವಿಧಾನವನ್ನು ಲೋಕಕ್ಕೆ ತಿಳಿಸಿದನು. ಅದರ ದ್ರವ್ಯ ಅದೇ, ಕಾಠಿಣ್ಯವೂ ಅದೇ. ಗ್ರಹವು ಇದನ್ನು ಒಪ್ಪುವದೋ ಇಲ್ಲವೋ ಎಂಬುದಕ್ಕೆ ಶಾಸ್ತ್ರಿಗಳು ಉತ್ತರ ಹೇಳಬೇಕು. ಬೆಲೆಯ ವಿಷಯದಲ್ಲಂತೂ ಪೇಟೆಯು ಒಪ್ಪುವದಿಲ್ಲ.

ಶರಣರು ಈ ಭಯವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಿಡಿಸಲೆತ್ನಿಸಿದರು. ಲಗ್ನ, ರಾಶಿ, ಗಣ, ಬಲಗಳ ಎಣಿಕೆಯನ್ನು ಬಸವಣ್ಣನವರು ಒಪ್ಪಲಿಲ್ಲ. ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮನು ಅದನ್ನು ತಿರುಗಿ ಸುರಿದು ಬರಲು ಹೇಳಿದ ಕಥೆಯನ್ನು ಕೇಳದವರಿಲ್ಲ. ನಮ್ಮ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದರು. ಬರಗಾಲದ ಈ ಸೀಮೆಗೆ ಬೇಕಾದದ್ದು ನೀರೆಂಬುದನ್ನು ಅವರು ಬಲ್ಲರು.

ಆದರೂ ರಾಶಿಯ ಹರಳನ್ನು ಇಟ್ಟವರೆಲ್ಲರನ್ನೂ ಮೂಢರೆಂದು ಜರೆಯುವದು ನನಗೆ ಒಪ್ಪಿಗೆಯಿಲ್ಲ. ತಾಯಿಯು ಹರಕೆ ಹೊತ್ತು ಇಡಿಸಿದ ಉಂಗುರವನ್ನು ಮಗನು ತೆಗೆಯದಿರುವದು ಗ್ರಹದ ಭಯದಿಂದಲ್ಲ, ತಾಯಿಯ ಮೇಲಣ ಪ್ರೀತಿಯಿಂದ. ಚೆಲುವಿಗೆಂದು ಇಟ್ಟುಕೊಳ್ಳುವದೂ ತಪ್ಪಲ್ಲ. ದೇವರಿಗೇ ಆಭರಣ ತೊಡಿಸುವ ಜನ ನಾವು. ಹರಳಿನಿಂದ ಮನಸ್ಸಿಗೆ ಧೈರ್ಯ ಬರುವದಾದರೆ ಕೆಟ್ಟದ್ದೇನು ಎಂದು ಕೇಳುವವರ ಮಾತಿನಲ್ಲಿಯೂ ಹುರುಳಿದೆ. ಆ ಧೈರ್ಯದ ಬೆಲೆಯನ್ನು ತೆರುವವರು ಯಾರು ಎಂಬುದೊಂದೇ ನನ್ನ ಪ್ರಶ್ನೆ. ಸಾಲದಿಂದ ಕೊಂಡ ಧೈರ್ಯಕ್ಕೆ ಹೆಂಡಿರು ಮಕ್ಕಳು ಬಡ್ಡಿ ಕಟ್ಟುವರು. ಸಾತಬಾರಾ ಉತಾರೆಯ ‘ಇತರ ಹಕ್ಕು’ಗಳ ಮನೆಯಲ್ಲಿ ಬೋಜಾ ಎಂದು ಬರೆಯುವಾಗ ಅದು ಬೀಜಕ್ಕೋ ಬಾವಿಗೋ ಹರಳಿಗೋ ಎಂಬುದನ್ನು ಯಾರೂ ಕಾಣಿಸುವದಿಲ್ಲ. ಅದೂ ಒಂದು ಬಗೆಯ ಮುಚ್ಚಿದ ಬೆನ್ನೇ.

ಕೆಲವು ವರುಷಗಳ ಹಿಂದೆ ಒಬ್ಬ ರೈತನು ಸಾಲಕ್ಕೆಂದು ಉತಾರೆ ಕೇಳಲು ನನ್ನ ಬಳಿಗೆ ಬಂದನು. ಎಮ್ಮೆ ಸತ್ತಿತ್ತು, ಬಾವಿ ಬತ್ತಿತ್ತು, ಸಾಡೇಸಾತಿ ಹಿಡಿದಿದೆಯೆಂದು ಯಾರೋ ಹೇಳಿದ್ದರು. ಐದು ರತ್ತಿಯ ನೀಲವನ್ನು ಎಂಟು ದಿನಗಳ ವಾಯಿದೆಯ ಮೇಲೆ ತಂದು ಕಿಸೆಯಲ್ಲಿಟ್ಟುಕೊಂಡಿದ್ದನು. ಉತಾರೆ ಪಡೆಯುವದು ಆತನ ಹಕ್ಕು, ಕೊಟ್ಟೆನು. ಅಲ್ಲಿಂದ ಆತನು ವೃದ್ಧ ಪತ್ತಾರರೊಬ್ಬರ ಮನೆಗೆ ಹೋದನು. ನನಗೂ ಅತ್ತಲೇ ಕೆಲಸವಿದ್ದುದರಿಂದ ಜೊತೆಗೆ ಹೋದೆನು. ಪತ್ತಾರರು ಹರಳನ್ನು ಬಿಸಿಲಿಗೆ ಹಿಡಿದರು, ದುರ್ಬೀನಿನಿಂದ ನೋಡಿದರು, ತೂಗಿದರು. ಹಣ ತರುವ ಗಿರಾಕಿ ಎದುರಿಗೆ ಕುಳಿತಿದ್ದನು. ಅವರ ಮನೆಯಲ್ಲಿಯೂ ಹೇಳಿಕೊಳ್ಳುವಂಥ ಅನುಕೂಲವೇನಿರಲಿಲ್ಲ.

“ಕಾಕಾ, ಹರಳು ಖರೇ ಅದನೋ ಇಲ್ಲೋ?” ಎಂದು ಆತನು ಕೇಳಿದನು.

“ತಮ್ಮಾ, ಬಂಗಾರಾದ್ರ ಒರೆಗೆ ಹಚ್ಚಿ ಹೇಳ್ತಿದ್ದೆ. ಹರಳಿಗೆ ಪರೀಕ್ಷಾ ಮಾಡಿಸಬೇಕು. ಇರಲಿ, ಖರೇ ಅದ ಅನ್ನೋಣ. ನಿನ್ನ ಸಾಲಾನೂ ಖರೇ ಅದ. ಶನಿ ಏನ್ ಮಾಡ್ತಾನೋ ನನಗ ಗೊತ್ತಿಲ್ಲ. ಬಡ್ಡಿ ಏನ್ ಮಾಡ್ತದ ಅದು ಗೊತ್ತದ.”

ಮಾರಾಟಗಾರನು ತನ್ನ ಸರಕಿನ ಗುಣವನ್ನು ಹೇಳಿದರೆ ಸಾಕು, ಕೊಳ್ಳುವವನ ಸಂಸಾರದ ಚಿಂತೆ ಆತನಿಗೇಕೆ ಎನ್ನುವವರಿದ್ದಾರೆ. ಕಾಯದೆಯೂ ಅಷ್ಟನ್ನೇ ಕೇಳುತ್ತದೆ. ಆದರೆ ಹೆದರಿ ಬಂದವನ ಹೆದರಿಕೆಯೇ ತನ್ನ ಲಾಭವೆಂದು ತಿಳಿದೂ ಸುಮ್ಮನಿರುವವನು, ತೂಕ ಸರಿಯಾಗಿ ಕೊಟ್ಟರೂ ಸರಿಯಾಗಿ ಕೊಟ್ಟಂತಾಗಲಿಲ್ಲವೆಂದು ನನ್ನ ಮತ. ಆ ಪತ್ತಾರರ ಮಾತಿನಿಂದ ಅವರಿಗೆ ಒಂದು ಉಂಗುರದ ಮಜೂರಿ ತಪ್ಪಿತು.

ರೈತನ ಬೆರಳಿನಲ್ಲಿ ತಂದೆಯ ಕಾಲದ ಒಂದು ಉಂಗುರವಿತ್ತು. ಸವೆದು ದಾರದಂತಾಗಿ, ಅದರ ಹವಳವು ಅಲುಗಾಡುತ್ತಿತ್ತು. ಪತ್ತಾರರು ಅದನ್ನು ಕೇಳಿ ತೆಗೆದುಕೊಂಡರು. ಎದುರಿನಲ್ಲಿಯೇ ತೂಗಿ, ಚೀಟಿಯ ಮೇಲೆ ಬರೆದು, ಹವಳವನ್ನು ಬಿಡಿಸಿಟ್ಟು, ಸವೆದ ಕಡೆ ಗುಂಜಿಯಷ್ಟು ಬಂಗಾರ ಕೂಡಿಸಿ ಬೆಸೆದು, ತಣಿಸಿ, ಹವಳವನ್ನು ಮರಳಿ ಕೂಡಿಸಿದರು; ತಳವನ್ನು ತೆರೆದೇ ಇಟ್ಟರು. ಕೂಡಿಸಿದ ಬಂಗಾರದ ಬೆಲೆಯನ್ನೂ ಅಲ್ಪ ಮಜೂರಿಯನ್ನೂ ಪಡೆದರು. ನೀಲವು ವಾಯಿದೆಯೊಳಗಾಗಿ ಹಿಂದಕ್ಕೆ ಹೋಯಿತು. ಉತಾರೆಯ ಮೇಲೆ ಪಡೆದ ಸಾಲದಿಂದ ಆತನು ಬಾವಿಯ ಹೂಳನ್ನು ತೆಗೆಸಿದನು. ಆ ವರುಷ ನೀರು ಸ್ವಲ್ಪವೇ ಏರಿತು. ಬೋಜಾ ಇಳಿಯುವದಕ್ಕೆ ಮೂರು ವರುಷ ಬೇಕಾದವು. ಶನಿಯು ಬಿಟ್ಟನೋ ಇಲ್ಲವೋ, ಪಂಚಾಂಗದವರು ಹೇಳಬೇಕು.